ಮುತ್ತಜ್ಜಿಯ ಚರಿತ್ರೆಗೆ ತವರಿನ ದಾರಿ

(ಮಂಡ್ಯದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ಎತ್ತಿನ ಮೇಲೆ ಕುಳಿತು ಊರಿಂದೂರಿಗೆ ಬರುತ್ತಿದ್ದ ಹೆಳವರನ್ನು ನಿಮ್ಮಲ್ಲಿ ಐವತ್ತು ದಾಟಿದವರು ಕಂಡೇ ಇರುತ್ತೀರಿ. ಮನೆಯ ಮುಂದೆ ನಿಂತು ಗಂಟೆ ಬಾರಿಸಿ, ಆ ಮನೆತನದ ಮೂಲಪುರುಷ ಯಾರು, ಅವನು ಯಾವ ಸೀಮೆಯಿಂದ ಬಂದು ಎಲ್ಲಿ ನೆಲೆ ನಿಂತ, ಅವನ ಮಕ್ಕಳಲ್ಲಿ ಯಾರು ಯಾವ ಊರಿಗೆ ಕವಲೊಡೆದು ಹೋದರು ಎಂಬುದನ್ನೆಲ್ಲ ತಡವರಿಸದೆ ಒಪ್ಪಿಸಿ, ರಾಗಿಯನ್ನೋ ಭತ್ತವನ್ನೋ ಹಳೆಯ ಪಂಚೆಯನ್ನೋ ಪಡೆದು ಮುಂದಿನ ಮನೆಗೆ ಹೋಗುವುದು ಅವರ ವೃತ್ತಿ. ಕಾಗದ ಪತ್ರಗಳಿಲ್ಲದ ಸಾವಿರಾರು ಮನೆತನಗಳಿಗೆ ಅವರೇ ಪತ್ರಾಗಾರವಾಗಿದ್ದರು.

ಆದರೆ ಆ ಒಪ್ಪಿಸುವಿಕೆಯನ್ನು ಗಮನವಿಟ್ಟು ಕೇಳಿದವರಿಗೆ ತಿಳಿದಿರುತ್ತದೆ: ಅದರಲ್ಲಿ ಬರುವುದು ತಂದೆ, ಮಗ, ಮೊಮ್ಮಗ. ಇದನ್ನು ಹೆಳವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಕಾಳು ಅಳೆದು ಕೊಡುವ ಮನೆಯ ಯಜಮಾನನಿಗೆ ಬೇಕಾದ ವಂಶವನ್ನೇ ಅವರು ಹೇಳುತ್ತಿದ್ದರು. ಇಂದು ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗಾಗಿ ನಾಡಕಚೇರಿಯಲ್ಲಿ ನಾವು ಪಡೆಯುವ ವಂಶವೃಕ್ಷವೂ ಅದೇ ದಾರಿಯದು. ಅದರಲ್ಲಿ ಹೆಣ್ಣು ಒಂದೋ ಮನೆಗೆ ಬಂದ ಹೆಂಡತಿ, ಇಲ್ಲವೇ ಮನೆಯಿಂದ ಹೊರಟ ಮಗಳು. ಒಬ್ಬಳೇ ಹೆಣ್ಣುಮಗಳ ಈ ಎರಡು ಬದುಕು ಒಂದೇ ಹಾಳೆಯಲ್ಲಿ ಎಂದೂ ಸೇರುವುದಿಲ್ಲ. ಹೀಗಾಗಿ ಹಳ್ಳಿಯ ಹಿರಿಯಳೊಬ್ಬಳ ಚರಿತ್ರೆಯನ್ನು ಆಕೆ ಸೇರಿದ ಮನೆಯ ಕಡೆಯಿಂದ ಮಾತ್ರ ಹುಡುಕಿದರೆ ಅರ್ಧವೂ ಸಿಗುವುದಿಲ್ಲ, ತವರಿನ ಕಡೆಯಿಂದ ಹುಡುಕಿಕೊಂಡು ಬರಬೇಕು ಎಂಬುದನ್ನು ನಮ್ಮ ಮನೆಯದೇ ಉದಾಹರಣೆಯಿಂದ ನಿಮ್ಮ ಮುಂದಿಡುತ್ತೇನೆ. ನಮ್ಮದು ಹೇಳಿಕೊಳ್ಳುವಂಥ ದೊಡ್ಡ ಮನೆತನವೇನೂ ಅಲ್ಲ. ಮಂಡ್ಯ ತಾಲ್ಲೂಕಿನ ಸಾಧಾರಣ ಒಕ್ಕಲು ಮನೆ. ಉದಾಹರಣೆಗೆ ಅದೇ ಒಳ್ಳೆಯದು.

ನಮ್ಮ ತಾತನ ತಾಯಿಯನ್ನು ಮನೆಯವರೆಲ್ಲ ಕನ್ನಂಬಾಡಜ್ಜಿ ಎಂದೇ ಕರೆಯುತ್ತಿದ್ದರು. ಸೊಸೆಯಾಗಿ ಬಂದವಳನ್ನು ಅವಳ ತವರೂರಿನಿಂದ ಕರೆಯುವ ರೂಢಿ ನಿಮ್ಮ ಊರುಗಳಲ್ಲಿಯೂ ಇದೆ. ಹುಲಿಕೆರೆಯಿಂದ ಬಂದವಳು ಹುಲಿಕೆರೆಯವಳು, ಬೆಳಗೊಳದಿಂದ ಬಂದವಳು ಬೆಳಗೊಳದವಳು. ವಯಸ್ಸಾದಂತೆ ಅದಕ್ಕೆ ಅವ್ವ, ಅಜ್ಜಿ ಸೇರುತ್ತದೆ. ಅತ್ತೆ ಮಾವಂದಿರ ಎದುರು, ಗಂಡನ ಎದುರು, ನೆರೆಹೊರೆಯಲ್ಲಿ ಎಲ್ಲೆಡೆಯೂ ಊರಿನ ಹೆಸರೇ ನಡೆಯುವುದರಿಂದ ಸ್ವಂತ ಹೆಸರು ಮೊಮ್ಮಕ್ಕಳ ಕಾಲಕ್ಕೆ ಮರೆತೇ ಹೋಗಿರುತ್ತದೆ. ನಮ್ಮ ಅಜ್ಜಿಯ ಸ್ವಂತ ಹೆಸರು ಕಾಗದದಲ್ಲಿ ಸಿಕ್ಕಿತು, ಆದರೆ ಅದನ್ನು ಇಲ್ಲಿ ಹೇಳುವುದಿಲ್ಲ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ, ಮರಿಮಗಳಿಗೆ ಇಡುವ ಪದ್ಧತಿ ನಮ್ಮದಾದ್ದರಿಂದ ಆ ಹೆಸರಿನವರು ಈಗಲೂ ಮನೆಯಲ್ಲಿದ್ದಾರೆ. ಸಭೆಯಲ್ಲಿ ತಮ್ಮ ಹೆಸರು ಬಂತೆಂದು ಅವರು ನನ್ನನ್ನು ವಿಚಾರಿಸಿಕೊಳ್ಳದೆ ಬಿಡುವುದಿಲ್ಲ.

ಊರಿನ ಹೆಸರಿನಿಂದ ಕರೆಯುವುದು ಹುಡುಕುವವನಿಗೆ ದೊಡ್ಡ ಸಹಾಯ. ಹೆಸರು ಮರೆತಿದ್ದರೂ ತವರು ಯಾವುದೆಂಬುದು ಆ ಕರೆಯಲ್ಲೇ ಉಳಿದಿರುತ್ತದೆ. ನಮ್ಮ ಪಾಲಿನ ತೊಡಕು ಏನೆಂದರೆ, ಆ ತವರು ಈಗ ನೀರಿನಡಿಯಲ್ಲಿದೆ. ಕಾವೇರಿಯ ದಡದಲ್ಲಿದ್ದ ಹಳೆಯ ಕನ್ನಂಬಾಡಿಯ ಬಳಿ ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಗಿ, ಎರಡು ದಶಕ ನಡೆದು 1930ರ ದಶಕದ ಆರಂಭಕ್ಕೆ ಮುಗಿಯಿತು. ಈ ನಡುವೆ ಊರು ಒಕ್ಕಲೆದ್ದಿತು. ಹೊಯ್ಸಳ ಶೈಲಿಯ ವೇಣುಗೋಪಾಲಸ್ವಾಮಿ ದೇವಾಲಯ ಮುಳುಗಿದ ಮೇಲೂ, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. ಆ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ಬಳಿ ಹಿನ್ನೀರಿನ ದಡದಲ್ಲಿ ಈಚೆಗೆ ಮತ್ತೆ ಕಟ್ಟಿರುವುದನ್ನು ನಿಮ್ಮಲ್ಲಿ ಅನೇಕರು ನೋಡಿ ಬಂದಿದ್ದೀರಿ. ಊರು ಹೋದರೂ ಹೆಸರು ಹೋಗಲಿಲ್ಲ. ನಮ್ಮ ಕಡೆ ಹಳಬರು ಇವತ್ತಿಗೂ ಕೆ.ಆರ್.ಎಸ್. ಎನ್ನುವುದಿಲ್ಲ, ಕನ್ನಂಬಾಡಿ ಕಟ್ಟೆ ಎನ್ನುತ್ತಾರೆ.

ಈ ಕಟ್ಟೆಯ ಹೆಸರೇ ನಮ್ಮ ಮನೆಯಲ್ಲಿ ಒಂದು ಕಥೆಯನ್ನು ಹುಟ್ಟಿಸಿತು. ಕನ್ನಂಬಾಡಜ್ಜಿ ಕಟ್ಟೆ ಕಟ್ಟುವ ಕೆಲಸಕ್ಕೆ ಕೂಲಿಗೆ ಹೋಗಿ, ತಲೆಯ ಮೇಲೆ ಮಣ್ಣು ಹೊತ್ತು, ಅದಕ್ಕೇ ಆ ಹೆಸರು ಬಂತೆಂದು ನಮ್ಮ ತಲೆಮಾರಿನವರು ನಂಬಿದ್ದೆವು. ಸರ್ ಎಂ. ವಿಶ್ವೇಶ್ವರಯ್ಯನವರು ಕುದುರೆಯ ಮೇಲೆ ಬಂದು ಆಕೆಯನ್ನು ಮಾತನಾಡಿಸಿದ್ದರೆಂದು ನಮ್ಮ ದೊಡ್ಡಪ್ಪನೊಬ್ಬರು ಅದಕ್ಕೆ ಕೈ ಕಾಲು ಸೇರಿಸಿದ್ದರು. ಕಟ್ಟೆಗೆ ಗುದ್ದಲಿ ಬೀಳುವ ಮುನ್ನವೇ ಆಕೆ ಮದುವೆಯಾಗಿ ಒಂದು ಹಗಲಿನ ಗಾಡಿ ದಾರಿಯ ನಮ್ಮೂರಿಗೆ ಬಂದು ಮಕ್ಕಳ ತಾಯಿಯಾಗಿದ್ದಳು ಎಂಬುದು ವರ್ಷಗಳನ್ನು ಕೂಡಿ ಕಳೆದು ನೋಡಿದಾಗ ತಿಳಿಯುತ್ತದೆ. ಮನೆತನದ ಕಥೆಗಳಲ್ಲಿ ದೊಡ್ಡ ಮನುಷ್ಯರು ಕಾಣಿಸಿಕೊಂಡ ಕೂಡಲೇ ಸ್ವಲ್ಪ ಎಚ್ಚರವಾಗುವುದು ಒಳ್ಳೆಯದು.

ವರ್ಷಗಳ ಲೆಕ್ಕ ಹೇಗೆ ಮಾಡುವುದು? ಜನನದ ದಾಖಲೆ ಇಲ್ಲ, ಜಾತಕ ಬರೆಸಿದ ಮನೆಯಲ್ಲ. ನಮ್ಮ ಹಿರಿಯರು ಕಾಲವನ್ನು ಸಂವತ್ಸರದಿಂದ, ಬರದಿಂದ, ಜಾಡ್ಯದಿಂದ ಗುರುತಿಸುತ್ತಿದ್ದರು. ಮೈಸೂರು ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗುರುತು ಧಾತು ಈಶ್ವರದ ಬರ. ಧಾತು ಸಂವತ್ಸರವೆಂದರೆ 1876–77, ಈಶ್ವರವೆಂದರೆ 1877–78. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬೆಂಗಳೂರಿನಿಂದ ಮಂಡ್ಯದ ಮೇಲೆ ಮೈಸೂರಿಗೆ ಹೋಗುವ ರೈಲು ದಾರಿಯೇ ಬರಪರಿಹಾರದ ಕಾಮಗಾರಿಯಾಗಿ ಮೈಗೊಂಡದ್ದು. ಇಷ್ಟು ದೊಡ್ಡ ಆಘಾತವಾದ್ದರಿಂದ, ‘ಬರದಲ್ಲಿ ಹುಟ್ಟಿದವಳು’, ‘ಬರ ಕಳೆದು ಎರಡು ವರ್ಷಕ್ಕೆ ಹುಟ್ಟಿದವನು’ ಎಂಬ ಮಾತುಗಳನ್ನು ಬಹುಮಟ್ಟಿಗೆ ನಂಬಬಹುದು. ಸಂವತ್ಸರದ ಹೆಸರನ್ನು ಮಾತ್ರ ಹೇಳಿದರೆ ಜೋಪಾನ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಈಶ್ವರ ಸಂವತ್ಸರವೆಂದರೆ 1877 ಆಗಬಹುದು, 1937ಕೂಡ ಆಗಬಹುದು. ಅಜ್ಜಿಗೂ ಮೊಮ್ಮಗಳಿಗೂ ಒಂದೇ ಹೆಸರಿರುವ ಮನೆಗಳಲ್ಲಿ ಇದರಿಂದ ಆಗುವ ಗೋಜಲನ್ನು ನೀವೇ ಊಹಿಸಿಕೊಳ್ಳಿ.

ನಮ್ಮ ಮನೆಯ ಮಾತಿನ ಪ್ರಕಾರ ಕನ್ನಂಬಾಡಜ್ಜಿಯ ಹಿರಿಯ ಮಗ ಹುಟ್ಟಿದ್ದು ಪ್ಲೇಗಿನಲ್ಲಿ. ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲಗಳಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಷ್ಟೆ. ಅಂಥ ಗುಡಿಸಲಿನಲ್ಲಿ ಹೆರಿಗೆಯಾಯಿತಂತೆ. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ, ಆದರೆ ಅಲ್ಲಿಂದ ಮುಂದೆ ಅದು ವರ್ಷಗಟ್ಟಲೆ ಮರಳಿ ಮರಳಿ ಬಂತು. ಬರ ಒಂದು ಕಾಲದ ಗುರುತಾದರೆ ಪ್ಲೇಗು ಹಾಗಲ್ಲ. ಆದರೂ ಹಿರಿಯ ಮಗ 1900ರ ಆಸುಪಾಸಿನವನೆಂದು ಇಟ್ಟುಕೊಳ್ಳೋಣ. ಕಿರಿಯ ಮಗ, ಎಂದರೆ ನಮ್ಮ ತಾತ, 1918ರ ಜ್ವರದಲ್ಲಿ ತಂದೆ ತೀರಿಕೊಂಡಾಗ ಇನ್ನೂ ಎಳೆಯ ಹುಡುಗ. ಊರೂರುಗಳನ್ನು ಬರಿದು ಮಾಡಿದ ಆ ಇನ್‌ಫ್ಲುಯೆಂಜಾದಲ್ಲಿ ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ಹೀಗೆ ಆಕೆಯ ಬದುಕಿಗೆ ಒಂದು ಸ್ಥೂಲವಾದ ಚೌಕಟ್ಟು ಸಿಕ್ಕಿತು: ಮದುವೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ, ವೈಧವ್ಯ 1918ರಲ್ಲಿ. ಈ ಚೌಕಟ್ಟಿನಲ್ಲಿ ಒಂದು ಸಂದು ಸರಿಯಾಗಿ ಕೂಡುತ್ತಿರಲಿಲ್ಲ. ಹಿರಿಯ ಮಗನಿಗೂ ಅವನ ನಂತರದ ಮಗುವಿಗೂ ನಡುವೆ ಸುಮಾರು ಏಳೆಂಟು ವರ್ಷಗಳ ಅಂತರವಿತ್ತು. ಆ ಕಾಲದಲ್ಲಿ ಹುಟ್ಟಿದ ಕೂಸುಗಳು ಉಳಿಯದೆ ಹೋಗುತ್ತಿದ್ದುದು ಸಾಮಾನ್ಯವಾದ್ದರಿಂದ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ.

ಇನ್ನು ಕಾಗದಕ್ಕೆ ಬರೋಣ. ಜನಗಣತಿಯಲ್ಲಿ ಅಜ್ಜಿಯ ಹೆಸರು ಸಿಗುತ್ತದೆಯೇ ಎಂದು ಯುವಕರು ಕೇಳುತ್ತಾರೆ. ನಮ್ಮ ದೇಶದಲ್ಲಿ ಉಳಿದಿರುವುದು ಗಣತಿಯ ಒಟ್ಟು ಲೆಕ್ಕಗಳು. ಮನೆ ಮನೆಯ ಹಾಳೆಗಳನ್ನು ಇಡಲಿಲ್ಲ. ಶಾಲೆಯ ದಾಖಲಾತಿ ಪುಸ್ತಕಗಳಲ್ಲಿ ತಂದೆಯ ಹೆಸರಿರುತ್ತದೆ, ತಾಯಿಯದು ಅಪರೂಪ. ಉಳಿಯುವುದು ಜಮೀನಿನ ಕಾಗದ. ಅಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಹಾಕಿ ತಂದೆಯ ಹೆಸರನ್ನೂ, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಹಾಕಿ ಗಂಡನ ಹೆಸರನ್ನೂ ಬರೆಯುವುದು ನಿಮಗೆ ಗೊತ್ತು. ಗಂಡ ಬದುಕಿರುವವರೆಗೆ ಹೆಣ್ಣಿಗೆ ಕಾಗದದಲ್ಲಿ ಜಾಗವೇ ಇಲ್ಲ. ಅವನು ಸತ್ತ ಮೇಲೆ ಸಾಲ ತೀರಿಸಲು, ಮೈನರ್ ಮಕ್ಕಳ ಪರವಾಗಿ ನಿಲ್ಲಲು, ಜಮೀನನ್ನು ಭೋಗ್ಯಕ್ಕೆ ಹಾಕಲು ಮೊದಲ ಸಲ ಅವಳ ಹೆಸರೂ ಹೆಬ್ಬೆಟ್ಟೂ ಬೇಕಾಗುತ್ತವೆ. ಆದ್ದರಿಂದ ಹಿರಿಯಳೊಬ್ಬಳನ್ನು ಹುಡುಕುವವರು ಆಕೆಯ ಗಂಡ ಸತ್ತ ವರ್ಷದಿಂದ ಮುಂದಕ್ಕೆ ಕಾಗದಗಳನ್ನು ನೋಡುತ್ತಾ ಹೋಗಬೇಕು. ಇನ್ನೂ ಒಂದು ಜಾಗವಿದೆ, ಅದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪಕ್ಕದ ಜಮೀನಿನವರ ಕ್ರಯಪತ್ರದ ಚೆಕ್ಕುಬಂದಿಯನ್ನು, ಎಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನು, ಓದಿ. ‘ಪೂರ್ವಕ್ಕೆ ಇಂಥವಳ ಹೊಲ’ ಎಂದು ಅಲ್ಲಿ ಬರೆದಿದ್ದರೆ, ಖಾತೆ ಯಾರ ಹೆಸರಿನಲ್ಲಿಯೇ ಇರಲಿ, ಊರಿನವರ ಕಣ್ಣಿನಲ್ಲಿ ಆ ಹೊಲ ಯಾರದಾಗಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹಳೆಯ ಕಾಗದ ನೋಡುವವರಿಗೆ ಒಂದು ಸೂಚನೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಹಿಂದಿನ ಪತ್ರಗಳಲ್ಲಿ ನಿಮ್ಮೂರು ಮೈಸೂರು ಜಿಲ್ಲೆಯಲ್ಲಿರುತ್ತದೆ. ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎಂದೋ ಹಿರೋಡೆ ಎಂದೋ, ಕೃಷ್ಣರಾಜಪೇಟೆಯನ್ನು ಇನ್ನೂ ಹಳೆಯ ಪತ್ರಗಳಲ್ಲಿ ಅತ್ತಿಕುಪ್ಪೆ ಎಂದೋ ಬರೆದಿರುತ್ತಾರೆ. ಊರೇ ಸಿಗಲಿಲ್ಲವೆಂದು ಹಿಂದಿರುಗಬೇಡಿ.

ನಮ್ಮ ಮನೆಯ ಪೆಟ್ಟಿಗೆಯಲ್ಲಿದ್ದುದು 1920ರ ದಶಕದ ಒಂದು ಪಾಲುಪಾರೀಕತ್ತು, ಎಂದರೆ ಆಸ್ತಿಯ ವಿಭಾಗಪತ್ರ. ಛಾಪಾ ಕಾಗದ ಮಡಿಕೆಯ ಗೆರೆಗಳಲ್ಲೆಲ್ಲ ಹರಿದು ಎಂಟು ತುಂಡಾಗಿ, ಯಾರೋ ಹಿಂದಿನಿಂದ ಗೋಂದು ಹಾಕಿ ಅಂಟಿಸಿದ್ದರು. ಶಾನುಭೋಗರ ಅಕ್ಷರ ಒಂದಕ್ಕೊಂದು ಕೂಡಿಕೊಂಡು ಓಡುತ್ತದೆ. ಒಂದನೇ ಪಾರ್ಟಿ ಹಿರಿಯ ಮಗ. ಎರಡನೇ ಪಾರ್ಟಿ ಇಬ್ಬರು ಮೈನರ್ ಹುಡುಗರು, ಅವರ ಪರವಾಗಿ ತಾಯಿ. ಹೊಲಗಳ ಹಂಚಿಕೆ ಮುಗಿದ ಮೇಲೆ ಒಂದು ವಾಕ್ಯದಲ್ಲಿ ಅಜ್ಜಿಯ ಪಾಲಿನ ಮಾತು ಬರುತ್ತದೆ: ಆಕೆಯ ಜೀವನಾಂಶಕ್ಕೆ ವರ್ಷಕ್ಕಿಷ್ಟು ರಾಗಿ, ಎರಡು ಸೀರೆ, ಹಿತ್ತಲ ಕಡೆಯ ಕೋಣೆ, ಕರೆಯುವ ಎಮ್ಮೆ ಒಂದು. ಕೊನೆಯಲ್ಲಿ ಸಾಕ್ಷಿಗಳ ರುಜು, ‘ಬರೆದವರು’ ಎಂಬರ್ಥದ ಬಿಕ್ಕಲಂ ಹಾಕಿ ಶಾನುಭೋಗರ ಹೆಸರು, ಅದರ ಎಡಗಡೆ ಅಜ್ಜಿಯ ಹೆಬ್ಬೆಟ್ಟು. ಮಸಿ ಹೆಚ್ಚಾಗಿ ಗೆರೆಗಳೆಲ್ಲ ಕಲಸಿಹೋಗಿ ಕಪ್ಪು ಚುಕ್ಕೆಯಂತಿದೆ. ಎಮ್ಮೆಯನ್ನು ಕೇಳಿ ಪಡೆದದ್ದು ಆಕೆಯೇ ಇರಬೇಕೆಂದು ನನ್ನ ಊಹೆ. ಹಾಲು ಮೊಸರಿನ ಕಾಸು ಯಾರ ಕೈಯನ್ನೂ ಕಾಯದೆ ಹೆಂಗಸಿನ ಸೆರಗಿಗೆ ಬರುವಂಥದ್ದು. ಪಾಲು ಮಾಡಲು ಕುಳಿತ ಗಂಡಸರಿಗೆ ತಾವಾಗಿ ಇದು ಹೊಳೆಯುವುದು ಅಪರೂಪ.

ಈ ವಿಭಾಗ ಹತ್ತು ವರ್ಷ ತಡವಾಗಿ ನಡೆದಿದ್ದರೆ ಆಕೆಯ ಸ್ಥಿತಿ ಬೇರೆಯಾಗಬಹುದಿತ್ತು. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಬಂತು. ಅವಿಭಕ್ತ ಕುಟುಂಬ ವಿಭಾಗವಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕೆಂದು ಅದು ಹೇಳಿತು, ಸ್ತ್ರೀಧನದ ವ್ಯಾಪ್ತಿಯನ್ನೂ ಹಿಗ್ಗಿಸಿತು. ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾನೂನು ಬಂದದ್ದು 1956ರಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ಮುಂಚಿನದೆಂದು ತಿಳಿಯುತ್ತದೆ. ಆದ್ದರಿಂದ ನಿಮ್ಮ ಮನೆಯ ವಿಭಾಗಪತ್ರ 1933ಕ್ಕೆ ಹಿಂದಿನದೋ ಮುಂದಿನದೋ ಎಂಬುದನ್ನು ಮೊದಲು ನೋಡಿ. ಮುಂದಿನದಾಗಿಯೂ ಅದರಲ್ಲಿ ತಾಯಿಗೆ ಬರೀ ರಾಗಿ ಸೀರೆ ಇದ್ದರೆ ಅದು ಬೇರೆಯೇ ಕಥೆ. ಕಾನೂನು ಊರಿನ ಚಾವಡಿಯವರೆಗೆ ಬರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಹೇಳುವ ಕಥೆ.

ನಮ್ಮ ಪಾರೀಕತ್ತಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಪಾರ್ಟಿಗಳ ಜೋಡಣೆ. ಹಿರಿಯ ಮಗ ಒಂದು ಕಡೆ, ತಾಯಿ ಮತ್ತೊಂದು ಕಡೆ. ಹೆತ್ತ ಮಗ ತಾಯಿಗೆ ಎದುರು ಪಾರ್ಟಿಯಾಗುವುದೇನೂ ಅಸಂಭವವಲ್ಲ, ಕೋರ್ಟು ಕಂಡ ಊರಿನವರಾದ ನಮಗೆ ಅದು ಹೊಸತೂ ಅಲ್ಲ. ಆದರೂ ಹಿರಿಯ ಮಗನನ್ನು ‘ಬಿನ್’ ಎಂದು ತಂದೆಯ ಹೆಸರಿನಿಂದ ಮಾತ್ರ ಗುರುತಿಸಿ, ಮೈನರುಗಳನ್ನು ‘ನನ್ನ ಹೊಟ್ಟೆಯ ಮಕ್ಕಳು’ ಎಂದು ಬರೆಸಿರುವುದು, ಮೊದಲೇ ಕೂಡದಿದ್ದ ಆ ಏಳೆಂಟು ವರ್ಷದ ಸಂದನ್ನು ಮತ್ತೆ ನೆನಪಿಗೆ ತಂದಿತು.

ಇದನ್ನು ಬಿಡಿಸಿದ್ದು ಜಮೀನಿನ ಕಾಗದವಲ್ಲ, ಮುಯ್ಯಿ ಪುಸ್ತಕ. ಮದುವೆಯ ಚಪ್ಪರದಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಮುಯ್ಯಿ ಮಾಡಿದರೆಂದು ಊರಿನ ಹೆಸರು ಸಹಿತ ಬರೆದುಕೊಳ್ಳುವುದು ನಮ್ಮ ಸೀಮೆಯಲ್ಲಿ ಈಗಲೂ ಇದೆ. ಬಂದ ಮುಯ್ಯಿಯನ್ನು ಅವರ ಮನೆಯ ಕಾರ್ಯದಲ್ಲಿ ತಿರುಗಿಸಬೇಕಾದ್ದರಿಂದ ಈ ಪುಸ್ತಕವನ್ನು ಕಾಗದ ಪತ್ರಗಳಷ್ಟೇ ಜೋಪಾನವಾಗಿ ಇಡುತ್ತಿದ್ದರು. ಅದರ ಬೆಲೆ ಏನೆಂದರೆ, ಜಮೀನಿನ ಕಾಗದ ಗಂಡಸರ ಸಂಬಂಧಗಳನ್ನು ಬರೆದರೆ ಮುಯ್ಯಿ ಪುಸ್ತಕ ಹೆಂಗಸರಿಂದ ಬಂದ ಸಂಬಂಧಗಳನ್ನು ಬರೆಯುತ್ತದೆ. ಅದರಲ್ಲಿರುವ ಹೊರಊರುಗಳೆಲ್ಲ ಒಂದೋ ಆ ಮನೆಗೆ ಹೆಣ್ಣು ಬಂದ ಊರುಗಳು, ಇಲ್ಲವೇ ಆ ಮನೆಯಿಂದ ಹೆಣ್ಣು ಹೋದ ಊರುಗಳು. ಊರುಗಳ ಹೆಸರನ್ನು ಒಂದು ಹಾಳೆಯ ಮೇಲೆ ಪಟ್ಟಿ ಮಾಡಿದರೆ ಸಾಕು, ಮೂರು ತಲೆಮಾರಿನ ತವರುಗಳು ಎದ್ದು ನಿಲ್ಲುತ್ತವೆ.

ನಮ್ಮ ದೊಡ್ಡ ಮನೆಯಲ್ಲಿ, ಎಂದರೆ ಹಿರಿಯ ಮಗನ ಕವಲಿನವರಲ್ಲಿ, ಸಿಕ್ಕಿದ್ದು 1940ರ ದಶಕದ 1 ಮದುವೆಯ ಪುಸ್ತಕ. ಉದ್ದನೆಯ ಹಾಳೆಗಳನ್ನು ಅಡ್ಡಕ್ಕೆ ಮಡಿಸಿ ನಡುವೆ ಗೋಣಿ ದಾರದಿಂದ ಹೊಲಿದದ್ದು. ಮೊದಲ ಸಾಲಿನಲ್ಲಿ ಮನೆದೇವರ ಹೆಸರು, ಅದರ ಮೇಲೆ ಅರಿಶಿನದ ಬೊಟ್ಟು, ಬಲಗಡೆಗೆ ರೂಪಾಯಿ, ಆಣೆ, ಪೈಗಳಿಗೆ ಮೂರು ಗೆರೆ. ಬಹುಪಾಲು ಮುಯ್ಯಿ ನಾಲ್ಕಾಣೆ, ಎಂಟಾಣೆ. ರೂಪಾಯಿ ಕೊಟ್ಟವರು ಹತ್ತಿರದ ನೆಂಟರು. ನಿಮ್ಮಲ್ಲಿ ಯಾರಿಗಾದರೂ ವರ್ಷ ಬರೆಯದ ಪುಸ್ತಕ ಸಿಕ್ಕರೆ ಈ ಗೆರೆಗಳನ್ನೇ ನೋಡಿ. ನಯಾಪೈಸೆ ಬಂದದ್ದು 1957ರಲ್ಲಿ, ಆಣೆಗಳಲ್ಲೇ ನಡೆದ ಲೆಕ್ಕ ಬಹುತೇಕ ಅದಕ್ಕೆ ಹಿಂದಿನದು. ಹಣದ ಕೆಳಗೆ ಸಾಮಾನುಗಳ ಪಟ್ಟಿ: ಅಕ್ಕಿ, ಬೆಲ್ಲ, ಕುಡಿಕೆ ತುಪ್ಪ, ರವಿಕೆ ಕಣ.

ಸೋದರಮಾವನ ಕಡೆಯವರ ಮುಯ್ಯಿ ಒಂದು ಪುಟದ ತುದಿಯಲ್ಲಿ ಬೇರೆಯಾಗಿಯೇ ಇತ್ತು. ಅಲ್ಲಿ ಕನ್ನಂಬಾಡಿ ಎಂಬ ಊರಿಲ್ಲ. ಅದರ ಬದಲು ಹೊಸ ಕನ್ನಂಬಾಡಿಯವರದೊಂದು ಸಾಲು, ಚಿನಕುರಳಿಯವರದೊಂದು ಸಾಲು. ಮುಳುಗಡೆಯಾದ ತವರು ಹೇಗೆ ಎರಡಾಗಿ ಹೋಯಿತೆಂಬುದನ್ನು ಅದಕ್ಕಿಂತ ಚುಟುಕಾಗಿ ಯಾವ ಸರ್ಕಾರಿ ಕಡತವೂ ನನಗೆ ಹೇಳಲಿಲ್ಲ. ಹೊಸ ಕನ್ನಂಬಾಡಿಯ ಸಾಲಿನಲ್ಲಿ ಎರಡು ಸೀರೆ, ಎರಡು ಮಡಿಲಕ್ಕಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ‘ಹಿರೀ ಕನ್ನಂಬಾಡಿಯವಳ ಬಾಬ್ತು ಒಂದು, ಕಿರೀ ಕನ್ನಂಬಾಡಿಯವಳ ಬಾಬ್ತು ಒಂದು’.

ಕನ್ನಂಬಾಡಜ್ಜಿಯರು ಇಬ್ಬರಿದ್ದರು. ಅಕ್ಕ ಮೊದಲು ಬಂದಳು; ಪ್ಲೇಗಿನ ಗುಡಿಸಲಿನಲ್ಲಿ ಗಂಡುಮಗುವನ್ನು ಹೆತ್ತು ಕೆಲವೇ ಕಾಲದಲ್ಲಿ ತೀರಿಕೊಂಡಳು. ತಾಯಿಲ್ಲದ ಕೂಸನ್ನು ಸಾಕಲೆಂದು ಅದೇ ಮನೆಯ ತಂಗಿಯನ್ನು, ಅವಳು ಮದುವೆಯ ವಯಸ್ಸಿಗೆ ಬಂದ ಮೇಲೆ, ಅದೇ ಗಂಡಿಗೆ ಕೊಟ್ಟರು. ಹೀಗೆ ಕೊಡುವುದು ಆಗ ವಿಶೇಷವೇನೂ ಆಗಿರಲಿಲ್ಲ. ಏಳೆಂಟು ವರ್ಷದ ಸಂದು ಅಲ್ಲಿ ಕೂಡಿತು, ಪಾರೀಕತ್ತಿನ ಎರಡು ಪಾರ್ಟಿಗಳೂ ಅರ್ಥವಾದವು. ಇಬ್ಬರೂ ಒಂದೇ ಊರಿನಿಂದ ಬಂದು, ಇಬ್ಬರನ್ನೂ ಊರಿನ ಹೆಸರಿನಿಂದಲೇ ಕರೆದು, ಎರಡು ತಲೆಮಾರು ಕಳೆಯುವುದರೊಳಗೆ ಇಬ್ಬರ ಬದುಕನ್ನೂ ನಾವು ಒಬ್ಬಳ ಮೇಲೆ ಹೊರಿಸಿದ್ದೆವು. ಗುಡಿಸಲಿನ ಹೆರಿಗೆ ಅಕ್ಕನದು. ಹೆಬ್ಬೆಟ್ಟು, ಎಮ್ಮೆ, ಮೂವತ್ತಕ್ಕೂ ಹೆಚ್ಚು ವರ್ಷದ ವೈಧವ್ಯ ತಂಗಿಯದು.

ಇಷ್ಟಾದ ಮೇಲೆ ದೊಡ್ಡ ಮನೆಯ ಅಕ್ಕನವರೊಬ್ಬರು ಹೇಳಿದ ಮಾತಿನಿಂದ ನನಗೆ ನಗು ಬಂತು. ಪಿತೃಪಕ್ಷದಲ್ಲಿ ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಾಕುತ್ತೇವಲ್ಲ, ಅವರ ಮನೆಯಲ್ಲಿ ಪಂಚೆ ಒಂದು, ಸೀರೆ ಎರಡು ಇಡುವುದು ಮೊದಲಿಂದ ನಡೆದು ಬಂದಿದೆ. ನಮ್ಮ ಕವಲಿನಲ್ಲಿ ಸೀರೆ ಒಂದೇ. ‘ನಮ್ಮತ್ತೆ ಎರಡು ಇಡು ಅಂದ್ರು, ಇಡ್ತಿದ್ದೀವಿ, ಯಾಕೆ ಅಂತ ನೀನು ಯಾವತ್ತು ಕೇಳಿದ್ದೆ?’ ಎಂದರು ಆಕೆ. ಗಂಡಸರು ಹೇಳಿದ ಕಥೆಯಲ್ಲಿ ಕಳೆದುಹೋಗಿದ್ದ ಹೆಣ್ಣೊಬ್ಬಳನ್ನು ಮೂರು ತಲೆಮಾರಿನ ಸೊಸೆಯಂದಿರು ಹೆಸರು ತಿಳಿಯದೆಯೇ ಎಡೆಯ ಮುಂದೆ ಉಳಿಸಿಕೊಂಡು ಬಂದಿದ್ದರು.

ಆದ್ದರಿಂದ ಯಾರನ್ನು ಕೇಳಬೇಕು ಎಂಬುದು ದೊಡ್ಡ ಪ್ರಶ್ನೆ. ನಾವು ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸಿನ ಮುಂದೆ ಫೋನು ಹಿಡಿದು ಕೂರುತ್ತೇವೆ. ಅವರು ಹೊಲಗಳ ಗಡಿ ಹೇಳುತ್ತಾರೆ, ವ್ಯಾಜ್ಯಗಳನ್ನು ಹೇಳುತ್ತಾರೆ. ಹಿರಿಯಳ ತವರು, ಅವಳ ಬಾಣಂತನಗಳು, ಅವಳು ಸಾಕಿದ ಮಕ್ಕಳು ತಿಳಿದಿರುವುದು ಹೆಣ್ಣುಮಕ್ಕಳ ಕವಲಿಗೆ. ಅಜ್ಜಿಯ ಮಗನ ಮಗನಿಗಿಂತ ಮಗಳ ಮಗಳು ಹೆಚ್ಚು ಬಲ್ಲವಳು. ಅವಳು ಬೇರೆ ಊರಿನಲ್ಲಿರುತ್ತಾಳೆ, ಅವಳ ಮನೆಗೆ ನಾವು ಹೋಗಬೇಕು. ಹೋದಾಗ ‘ನಮ್ಮ ವಂಶದ ಬಗ್ಗೆ ಹೇಳಿ’ ಎಂದು ಕೇಳಬೇಡಿ, ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ನಿಮ್ಮ ತಾಯಿ ದೊಡ್ಡವರಾದಾಗ ಸೊಪ್ಪಿನ ಗುಡ್ಲು ಹಾಕಲು ಯಾವ ಊರಿನ ಸೋದರಮಾವ ಬಂದಿದ್ದರು, ಬಾಣಂತನಕ್ಕೆ ಯಾರು ಕರೆದೊಯ್ದರು, ಗೌರಿ ಹಬ್ಬಕ್ಕೆ ಬಾಗಿನ ಯಾವ ಊರಿನಿಂದ ಬರುತ್ತಿತ್ತು ಎಂದು ಕೇಳಿ. ಒಂದೊಂದು ಪ್ರಶ್ನೆಗೂ ಒಂದು ಊರು, ಒಬ್ಬ ಅಣ್ಣನೋ ತಮ್ಮನೋ ಹೊರಬರುತ್ತಾರೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ವಂಶವೃಕ್ಷ ಬರೆಯಲು ಕಂಪ್ಯೂಟರಿನಲ್ಲಿ ಸಿಗುವ ನಮೂನೆಗಳು ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಅಕ್ಕನ ಮಗಳನ್ನು ಮದುವೆಯಾಗುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದಿರುವುದರಿಂದ ಒಬ್ಬಾಕೆಯೇ ಒಂದು ಲೆಕ್ಕದಲ್ಲಿ ಅಜ್ಜಿ, ಇನ್ನೊಂದು ಲೆಕ್ಕದಲ್ಲಿ ಅತ್ತೆ. ನಮೂನೆಯೊಳಗೆ ಒಬ್ಬಳನ್ನು ಎರಡು ಕಡೆ ಬರೆದು, ಕೊನೆಗೆ ಇಲ್ಲದ ಹೆಂಗಸೊಬ್ಬಳನ್ನು ಸೃಷ್ಟಿಸಿದವರನ್ನೂ ನಾನು ಕಂಡಿದ್ದೇನೆ. ಕಾಗದ, ಪೆನ್ಸಿಲು, ಅಳಿಸುವ ರಬ್ಬರು ಸಾಕು.

ಕಿರಿಯ ಕನ್ನಂಬಾಡಜ್ಜಿಯ ಮುಂದಿನ ಬದುಕನ್ನು ಬೇಗ ಹೇಳಿ ಮುಗಿಸುತ್ತೇನೆ. 1930ರ ದಶಕದಲ್ಲಿ, ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು ನಮ್ಮ ಹೊಲಗಳಿಗೆ ಬಂತು. ರಾಗಿ ಹುರುಳಿ ಬೆಳೆಯುತ್ತಿದ್ದ ಖುಷ್ಕಿ ಗದ್ದೆಯಾಯಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ 1933ರಲ್ಲಿ ಶುರುವಾದ ಮೇಲೆ ಕಬ್ಬು ಬಂತು. ತವರನ್ನು ಮುಳುಗಿಸಿದ ನೀರೇ ಆಕೆಯ ಮಕ್ಕಳ ಹೊಲಕ್ಕೆ ಹರಿಯಿತು ಎಂದು ಇದನ್ನು ಕವಿತೆಯಾಗಿಸುವ ಆಸೆ ನಮಗೆ ಸಹಜ. ಮನೆಯವರ ನೆನಪಿನಲ್ಲಿ ಉಳಿದಿರುವ ಆಕೆಯ ಮಾತುಗಳು ಬೇರೆ ಜಾತಿಯವು: ನೀರಿನ ಕಂದಾಯ ಎಷ್ಟು, ನಾಟಿಗೆ ಆಳು ಸಿಗುತ್ತಿಲ್ಲ, ಕೆಸರಲ್ಲಿ ನಿಂತು ಕಾಲು ಹುಣ್ಣಾಯಿತು, ರಾಗಿ ತಿಂದ ಹೊಟ್ಟೆಗೆ ಅನ್ನ ನಿಲ್ಲುವುದಿಲ್ಲ. ನಾನು ಅವುಗಳನ್ನೇ ನಂಬುತ್ತೇನೆ. 1951–52ರ ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಗೆ ಆಕೆಯ ಹೆಸರು ಸೇರಿತು. ಆ ಚುನಾವಣೆಗೆ ದೇಶದಲ್ಲಿ ಸುಮಾರು 28 ಲಕ್ಷ ಹೆಣ್ಣುಮಕ್ಕಳು, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಸ್ವಂತ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದ್ದರಿಂದ ಪಟ್ಟಿಯಿಂದ ಬಿಟ್ಟುಹೋದರು. ಮತದಾರರ ಪಟ್ಟಿ ಎಂಬುದು ಹಳ್ಳಿಯ ಅನೇಕ ಹೆಂಗಸರ ಹೆಸರು ಅಚ್ಚಾದ ಮೊದಲ ಕಾಗದವೆಂಬುದನ್ನು ಹುಡುಕುವವರು ಮರೆಯಬಾರದು.

ಹುಡುಕುತ್ತಾ ಹೋದರೆ ಮನೆಯವರಿಗೆ ಹಿಡಿಸದ ಸಂಗತಿಗಳೂ ಸಿಗುತ್ತವೆ. ನಮ್ಮ ಒಕ್ಕಲು ಮನೆಗಳಲ್ಲಿ, ಇನ್ನೂ ಅನೇಕ ಸಮುದಾಯಗಳಲ್ಲಿ, ವಿಧವೆಯೋ ಗಂಡ ಬಿಟ್ಟವಳೋ ಕೂಡಾವಳಿಯಾಗುವುದು, ಎಂದರೆ ಮತ್ತೊಬ್ಬ ಗಂಡಿನ ಜೊತೆ ಸಂಸಾರ ಹೂಡುವುದು, ಒಪ್ಪಿತವಾದ ಪದ್ಧತಿಯಾಗಿತ್ತು. ಸೀರೆ ಉಡಿಸಿಕೊಂಡು ಬರುವುದೆಂದೂ ಹೇಳುತ್ತಾರೆ. ಓದು, ನೌಕರಿ, ಪೇಟೆಯ ವಾಸ ಬಂದ ಮೇಲೆ ಮೊಮ್ಮಕ್ಕಳಿಗೆ ಅದು ನಾಚಿಕೆಯ ವಿಷಯವಾಯಿತು. ಎರಡನೆಯ ಗಂಡನನ್ನು ಮಾತ್ರ ಉಳಿಸಿ ಮೊದಲನೆಯವನನ್ನೂ, ಅವನಿಂದಾದ ಮಕ್ಕಳನ್ನೂ ವಂಶವೃಕ್ಷದಿಂದ ತೆಗೆದುಹಾಕಿದ ಮನೆಗಳು ಬೇಕಾದಷ್ಟಿವೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅದನ್ನು ಬರೆದಿಡಬೇಕು. ಆಕೆಯ ಕಾಲದವರು ಒಪ್ಪಿ ಊಟ ಹಾಕಿಸಿದ ಸಂಬಂಧವನ್ನು ಅಳಿಸುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ. ಬದುಕಿರುವವರಿಗೆ ನೋವಾಗುವುದಾದರೆ ಬರೆದು ಮನೆಯೊಳಗೇ ಇಡಿ, ಹಂಚಬೇಡಿ.

ಇವತ್ತಿನ ಕಾಗದಗಳ ಬಗ್ಗೆಯೂ ಎರಡು ಮಾತು. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳು ಪಾಲುದಾರರಾದ ಮೇಲೆ ವಂಶವೃಕ್ಷದಲ್ಲಿ ಅವರ ಹೆಸರನ್ನು ಬಿಡುವ ಹಾಗಿಲ್ಲ. ಹೆಸರುಗಳು ಬರುತ್ತಿವೆ, ಮದುವೆಯಾದ ಊರೂ ಬರುತ್ತಿದೆ. ಆದರೆ ಬಹಳ ಕಡೆ ಅವರ ಹೆಸರು ಬರುವ ಮುಂದಿನ ಕಾಗದವೇ ಹಕ್ಕು ಬಿಡುಗಡೆ ಪತ್ರ. ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ದು ರುಜು ಹಾಕಿಸಿಕೊಂಡ ಪತ್ರಗಳು. ನೂರು ವರ್ಷದ ಮೇಲೆ ನಮ್ಮ ಮರಿಮಕ್ಕಳು ಹುಡುಕುವಾಗ ನಮ್ಮ ಅಕ್ಕತಂಗಿಯರು ಅವರಿಗೆ ಸಿಗುವುದು ಹೆಚ್ಚಾಗಿ ಆ ಪತ್ರಗಳಲ್ಲಿ.

ಉಪನ್ಯಾಸದ ಕೊನೆಗೆ ಮದ್ದೂರಿನ ಕಡೆಯ ಹೆಣ್ಣುಮಗಳೊಬ್ಬರು, ತಮ್ಮ ಮನೆಯ ಮುಯ್ಯಿ ಪುಸ್ತಕಗಳನ್ನು ಮನೆ ಕೆಡವಿ ಕಟ್ಟಿಸುವಾಗ ಒಲೆಗೆ ಹಾಕಿಬಿಟ್ಟರು, ಈಗ ಏನು ಮಾಡುವುದು ಎಂದು ಕೇಳಿದರು. ಮುಯ್ಯಿ ಎರಡು ಕಡೆಯ ಲೆಕ್ಕ. ನಿಮ್ಮ ಮನೆಗೆ ಬಂದದ್ದನ್ನು ಬರೆದ ಪುಸ್ತಕ ಹೋಗಿರಬಹುದು; ನಿಮ್ಮ ಅಜ್ಜಿ, ಅವರ ಅತ್ತೆ ಬೇರೆಯವರ ಮದುವೆಗಳಿಗೆ ಹೋಗಿ ಮಾಡಿದ ಮುಯ್ಯಿ ಆಯಾ ಮನೆಗಳ ಪುಸ್ತಕದಲ್ಲಿದೆ. ನಿಮ್ಮ ತಾಯಿಯ ಸೋದರಮಾವಂದಿರ ಊರು, ನಿಮ್ಮ ತಂದೆಯ ಅಕ್ಕತಂಗಿಯರನ್ನು ಕೊಟ್ಟ ಊರು, ಇವೆರಡರಿಂದ ಶುರು ಮಾಡಿ. ಆ ಮನೆಗಳಲ್ಲಿ ಯಾವ ಯಾವ ವರ್ಷ ಮದುವೆಗಳಾದವೆಂದು ವಿಚಾರಿಸಿ, ಆ ಪುಸ್ತಕಗಳಲ್ಲಿ ನಿಮ್ಮೂರಿನ ಹೆಸರಿರುವ ಸಾಲುಗಳನ್ನು ಮಾತ್ರ ನೋಡಿ. ಅಟ್ಟದ ಮೇಲೆ, ದೇವರ ಮನೆಯ ಗೂಡಿನಲ್ಲಿ, ಹಳೆಯ ಟ್ರಂಕಿನಲ್ಲಿ ಪಹಣಿಗಳ ಜೊತೆಗೆ ಅವು ಇರುತ್ತವೆ. ಫೋಟೋ ತೆಗೆಯುವಾಗ ಬರೀ ನಿಮಗೆ ಬೇಕಾದ ಸಾಲನ್ನು ತೆಗೆಯಬೇಡಿ, ಪುಟ ಪೂರ್ತಿ ತೆಗೆಯಿರಿ. ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದು ಆಮೇಲೆ ಬೇಕಾಗುತ್ತದೆ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಮನೆ ತಿರುಗಿಸದೆ ಉಳಿಸಿಕೊಂಡ ಹಳೆಯ ಮುಯ್ಯಿಯೊಂದು ಆ ಪುಸ್ತಕದಲ್ಲಿ ಕಾಣಿಸಿಕೊಂಡರೆ ಅವರು ಅದನ್ನೂ ತೋರಿಸುತ್ತಾರೆ.